ಮಾಡಿನಡಿಯ ಕಣಜದ ಗೂಡಿಗೆ ಬೆಂಕಿ ಇಡಬೇಡಿ

ಶಿರಸಿಯ ನಿಮ್ಮ ಹಂಚಿನ ಮನೆಯ ಜಗಲಿಯ ಮೇಲೆ ಕಣಜ ಗೂಡು ಕಟ್ಟಿದೆ, ರಾತ್ರಿ ಸೂಡಿ ಹಚ್ಚಿ ಸುಡಬಹುದೇ ಅಥವಾ ಚಳಿಗಾಲದವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಸುಡಬೇಡಿ, ಮಾಡಿನ ಒಣಮರಕ್ಕೂ ಅಟ್ಟದ ಅಡಿಕೆಗೂ ಕಿಡಿ ತಗುಲಿದರೆ ಆಗುವ ನಷ್ಟದ ಮುಂದೆ ಕಣಜದ ಕಾಟ ಏನೂ ಅಲ್ಲ. ಚಳಿಗೆ ಗೂಡು ಖಾಲಿಯಾಗುವುದು ಹಿಮ ಬೀಳುವ ದೇಶಗಳ ಕಣಜಗಳಾದ ಯೆಲ್ಲೋಜಾಕೆಟ್‌ಗಳ ವಿಷಯ. ನಮ್ಮ ಹವೆಯಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಮೊದಲು ದೂರ ನಿಂತು ಗೂಡನ್ನು ಗಮನಿಸಿ. ಕೋಶಗಳು ಹೊದಿಕೆಯಿಲ್ಲದೆ ತೆರೆದೇ ಕಾಣುತ್ತಿದ್ದು, ಸಪೂರ ನಡುವಿನ ಕಣಜಗಳು ಹತ್ತಾರು ಮಾತ್ರ ಇದ್ದು, ಗೂಡು ಜನರ ಓಡಾಟಕ್ಕೆ ಸಿಗದಷ್ಟು ಎತ್ತರದಲ್ಲಿದ್ದರೆ, ಅದನ್ನು ಹಾಗೆಯೇ ಬಿಡುವುದು ಒಳ್ಳೆಯದೆಂದು ನನಗೆ ಅನ್ನಿಸುತ್ತದೆ, ಏಕೆಂದರೆ ಅವು ಮರಿಗಳಿಗೆ ಉಣಿಸಲು ಗಿಡ ತಿನ್ನುವ ಹುಳುಗಳನ್ನೇ ಹಿಡಿದೊಯ್ಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ ರೋಪಾಲಿಡಿಯಾ ಇಂಥ ತೆರೆದ ಗೂಡಿನ ಕಣಜವೇ.

ಕಾಗದದಂಥ ಹೊದಿಕೆಯ ದೊಡ್ಡ ಗೂಡಾಗಿದ್ದರೆ, ಅಥವಾ ಹೊಟ್ಟೆಗೆ ಹಳದಿ ಪಟ್ಟೆಯಿರುವ, ಕಡಜ ಎಂಬ ದಪ್ಪ ಕಣಜಗಳು ಸಂದಿಯಿಂದ ಹೊರಬರುತ್ತಿದ್ದರೆ, ಮಾತು ಬೇರೆ. ಜೇನಿನಂತೆ ಮುಳ್ಳು ಬಿಟ್ಟು ಸಾಯದ ಕಡಜ ಮತ್ತೆ ಮತ್ತೆ ಕಚ್ಚಬಲ್ಲದು. ಆದ್ದರಿಂದ ಮಕ್ಕಳನ್ನೂ ದನಕರುಗಳನ್ನೂ ಅತ್ತ ಬಿಡದೆ, ಮೈತುಂಬ ರಕ್ಷಣಾ ಉಡುಪು ತೊಟ್ಟು ಕೆಲಸ ಮಾಡುವ ಅನುಭವಸ್ಥರನ್ನೇ ಕರೆಸಿ.

ಕಚ್ಚಿದ ಜಾಗಕ್ಕೆ ಸೋಪು ನೀರು, ತಣ್ಣೀರಿನ ಬಟ್ಟೆ ಸಾಕು. ಆದರೆ ತುಟಿ ಊದುವುದು, ಉಸಿರು ಕಟ್ಟುವುದು, ತಲೆ ಸುತ್ತುವುದು ಕಂಡರೆ, ಅಥವಾ ಹತ್ತಾರು ಕಡೆ ಕಚ್ಚಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಧಾವಿಸಿ. ಅಲರ್ಜಿ ಏರಿದಾಗ ಜೀವ ಉಳಿಸುವುದು ಅಡ್ರಿನಲಿನ್ ಚುಚ್ಚುಮದ್ದು.