ಪ್ರ: ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳ, ಅಯೋರ್ಟಾ) ಸೋಂಕಿಗೆ ಆಂಟಿಬಯಾಟಿಕ್ ಒಂದೇ ಸಾಕೇ?
ಕರುಳಿನ ಕ್ಯಾನ್ಸರ್ ಇರುವ ನಿಮ್ಮ ತಂದೆಯವರಿಗೆ ಜ್ವರ, ಬೆನ್ನುನೋವು. ಸಿಟಿ ಸ್ಕ್ಯಾನ್‌ನಲ್ಲಿ ಮಹಾಪಧಮನಿಯ ಗೋಡೆಯೊಳಗೆ ಗಾಳಿಗುಳ್ಳೆ ಎಂದಿದ್ದೀರಿ. ಔಷಧಿಯೊಂದೇ ಸಾಮಾನ್ಯವಾಗಿ ಸಾಲದು, ದಯವಿಟ್ಟು ತಡಮಾಡಬೇಡಿ.

ಇಂಥ ಕಡೆ ಮೊದಲು ಅನುಮಾನಿಸಬೇಕಾದದ್ದು ಕ್ಲಾಸ್ಟ್ರಿಡಿಯಂ ಸೆಪ್ಟಿಕಂ. ಆಮ್ಲಜನಕ ಬೇಡದ ಬ್ಯಾಕ್ಟೀರಿಯಾ ಇದು. ಗಡ್ಡೆ ಹುಣ್ಣಾದಲ್ಲಿ, ಹೆಚ್ಚಾಗಿ ದೊಡ್ಡ ಕರುಳಿನ ಬಲಭಾಗದಲ್ಲಿ, ರಕ್ತಕ್ಕೆ ನುಸುಳಿ, ಕೊಬ್ಬುಗಟ್ಟಿದ ರಕ್ತನಾಳದ ಗೋಡೆಯಲ್ಲಿ ನೆಲೆಯೂರುತ್ತದೆ. ಅಲ್ಲಿ ಅನಿಲ ಹುಟ್ಟಿಸಿ, ಗೋಡೆಯನ್ನೇ ಕೊಳೆಸುತ್ತದೆ. ಅದು ದಿನಗಳಲ್ಲೇ ಉಬ್ಬಿ ಒಡೆಯಬಹುದು.

ರಕ್ತದ ಕಲ್ಚರ್‌ಗೆ (ರಕ್ತದಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಅನೇರೋಬಿಕ್, ಅಂದರೆ ಆಮ್ಲಜನಕವಿಲ್ಲದ, ಬಾಟಲಿಯೂ ಕಳಿಸಿದ್ದಾರೆಯೇ ಎಂದು ಕೇಳಿ. ಸಾಧ್ಯವಾದರೆ ಆಂಟಿಬಯಾಟಿಕ್‌ನ ಮೊದಲ ಡೋಸ್‌ಗೆ ಮುನ್ನವೇ ಈ ರಕ್ತ ತೆಗೆಯಬೇಕು, ಆದರೆ ಅದಕ್ಕಾಗಿ ಔಷಧಿ ಕಾಯಬಾರದು. ಪೆನಿಸಿಲಿನ್ ಮತ್ತು ಕ್ಲಿಂಡಾಮೈಸಿನ್ ರೂಢಿಯ ಜೋಡಿ. ಜೊತೆಗೆ ರಕ್ತನಾಳದ ಸರ್ಜನ್ ಕೊಳೆತ ಭಾಗ ತೆಗೆದು ರಕ್ತಕ್ಕೆ ಬೇರೆ ದಾರಿ ಮಾಡಬೇಕಾಗುತ್ತದೆ. ಮೂಲದ ಗಡ್ಡೆ ಉಳಿದರೆ ಸೋಂಕು ಮರುಕಳಿಸಬಹುದು. ಶಸ್ತ್ರಚಿಕಿತ್ಸೆ ತಾಳುವ ಶಕ್ತಿ ಅವರಿಗಿದೆಯೇ ಎಂದು ಇಂದೇ ವಿಚಾರಿಸಿ.