ಹಿಮನದಿಯ ಕೆಂಪು ನೀರು ಮತ್ತು ಕಡಲಹಕ್ಕಿಗಳು

ನಮಸ್ಕಾರ. ಆರ್ಕ್ಟಿಕ್‌ನ ಸ್ವಾಲ್‌ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡನ್ ಕೊಲ್ಲಿಯಲ್ಲಿ ಹಿಮನದಿಯ ಬುಡದ ನೀರು ಕೆಂಪಾಗಿರುವುದೇಕೆ, ಕಡಲಹಕ್ಕಿಗಳು ಅಲ್ಲಿಯೇ ಮುತ್ತಿಕೊಳ್ಳುವುದೇಕೆ ಎಂದು ಯಾದಗಿರಿಯಿಂದ ಕೇಳಿದ್ದೀರಿ.

ಬಣ್ಣಕ್ಕೆ ಕಾರಣ ಕಬ್ಬಿಣದ ಅಂಶವಿರುವ ಕೆಂಪು ಮರಳುಗಲ್ಲು. ಹಿಮನದಿ ಅದನ್ನು ಅರೆದು ತರುತ್ತದೆ. ನಮ್ಮ ಬೀದರಿನ ಕೆಮ್ಮಣ್ಣಿನ ಶಿಲೆ ಬೇರೆಯಾದರೂ ಅದರ ಕೆಂಪಿಗೂ ಕಬ್ಬಿಣದ ತುಕ್ಕೇ ಮೂಲ.

ಹಕ್ಕಿಗಳ ವಿಷಯ ಇನ್ನೂ ಸ್ವಾರಸ್ಯಕರವಾದುದು. ಬೇಸಿಗೆಯಲ್ಲಿ ಕರಗಿದ ನೀರು ಹಿಮದ ಬಿರುಕುಗಳಲ್ಲಿ ಇಳಿದು, ಸಮುದ್ರಮಟ್ಟಕ್ಕಿಂತ ಹತ್ತಾರು ಮೀಟರ್ ಕೆಳಗೆ ಹಿಮನದಿಯ ತಳದಿಂದ ಹೊರಬರುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರವಾದ್ದರಿಂದ ಹಿಮದ ಗೋಡೆಗುಂಟ ರಭಸವಾಗಿ ಮೇಲೇರುತ್ತ, ಆಳದ ನೀರನ್ನೂ ಅದರಲ್ಲಿರುವ ಸಣ್ಣ ಸಿಗಡಿಯಂಥ ಜೀವಿಗಳನ್ನೂ ಎಳೆದು ತರುತ್ತದೆ. ಉಪ್ಪಿನಂಶ ಥಟ್ಟನೆ ಇಳಿದು ಮಂಕಾದ ಆ ಜೀವಿಗಳನ್ನು ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಹೆಕ್ಕಿ ತಿನ್ನುತ್ತವೆ. ಸಿಹಿನೀರು ಹಗುರವೆಂಬುದನ್ನು ಕಲಬುರಗಿಯಲ್ಲಿ ಮಕ್ಕಳಿಗೆ ನಾನು ಗಾಜಿನ ಲೋಟದಲ್ಲಿ ತೋರಿಸುತ್ತೇನೆ: ಉಪ್ಪುನೀರಿನ ಮೇಲೆ ಕುಂಕುಮ ಕದಡಿದ ಸಿಹಿನೀರನ್ನು ಚಮಚದ ಬೆನ್ನಿನ ಮೇಲಿಂದ ನಿಧಾನವಾಗಿ ಸುರಿದರೆ, ಕೆಂಪು ಪದರ ಬಹಳ ಹೊತ್ತು ಮೇಲೆಯೇ ನಿಲ್ಲುತ್ತದೆ.

ಇದೇ ಕೊಲ್ಲಿಯ ದಡದ ನ್ಯೂ-ಓಲೆಸುಂಡ್‌ನಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರವಿದೆ. 2014ರಲ್ಲಿ ನಮ್ಮ ವಿಜ್ಞಾನಿಗಳು ಸುಮಾರು 190 ಮೀಟರ್ ಆಳದ ನೀರಿನಲ್ಲಿ ಇಂಡಾರ್ಕ್ ಎಂಬ ಉಪಕರಣವನ್ನು ಇಳಿಸಿ ಉಷ್ಣತೆ, ಲವಣಾಂಶಗಳನ್ನು ಅಳೆಯತೊಡಗಿದರು. ಅಟ್ಲಾಂಟಿಕ್‌ನ ಬೆಚ್ಚಗಿನ ನೀರು ಕೊಲ್ಲಿಯೊಳಗೆ ಎಷ್ಟು ನುಗ್ಗುತ್ತಿದೆಯೆಂಬುದು ಅದರಿಂದ ತಿಳಿಯುತ್ತದೆ. ಆ ಬಿಸಿಗೆ ಕರಗಿ ಹಿಮನದಿಗಳು ಕಡಲಿನಿಂದ ಹಿಂದೆ ಸರಿದು ನೆಲದ ಮೇಲೆ ನಿಂತುಬಿಟ್ಟರೆ ಈ ಮೇಲೇರುವ ಹರಿವು ಇಲ್ಲವಾಗುತ್ತದೆ, ಹಕ್ಕಿಗಳ ಆ ಊಟವೂ ತಪ್ಪುತ್ತದೆ. ನನಗೆ ನಿಜಕ್ಕೂ ಕಳವಳ ತರುವ ಸಂಗತಿ ಇದೇ.