ಇಲ್ಲಿ ಭಾಗವತರು ಯಾರು?

ಕುಂಬಳೆ ಸಮೀಪದ ಕನ್ನಡ ಮಾಧ್ಯಮ ಶಾಲೆಯ ಅಧ್ಯಾಪಿಕೆಯೊಬ್ಬರು ಬರೆದಿದ್ದಾರೆ: “ಪಾಲಿಮರೇಸ್ ಎಂಬ ಕಿಣ್ವ ಡಿಎನ್‌ಎ ನೋಡಿ ಆರ್‌ಎನ್‌ಎ ಪ್ರತಿ ಮಾಡುತ್ತದೆ ಎಂದು ಹತ್ತನೆಯ ತರಗತಿಯಲ್ಲಿ ಪಾಠ ಮಾಡಿದೆ. ‘ಯಕ್ಷಗಾನದಲ್ಲಿ ಭಾಗವತರು ಪದ ಎತ್ತದೆ ವೇಷ ಕುಣಿಯುವುದಿಲ್ಲ. ಈ ಕಿಣ್ವಕ್ಕೆ ಎಲ್ಲಿಂದ ಆರಂಭಿಸಬೇಕೆಂದು ಹೇಳುವವರು ಯಾರು?’ ಎಂದು ಹುಡುಗಿಯೊಬ್ಬಳು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.”

ಟೀಚರೇ, ಮೊದಲು ಆ ಹುಡುಗಿಗೆ ನನ್ನ ಮೆಚ್ಚುಗೆ ತಿಳಿಸಿ. ಪ್ರಾಣಿಕೋಶಗಳಲ್ಲಿ ಮೂರು ಬಗೆಯ ಪಾಲಿಮರೇಸ್‌ಗಳಿವೆ ಎಂದು ಅಮೆರಿಕದ ವಿಜ್ಞಾನಿ ರಾಬರ್ಟ್ ರೋಡರ್ 1969ರಲ್ಲಿ ತೋರಿಸಿದರು. ಪ್ರೋಟೀನ್ ತಯಾರಿಯ ಜೀನ್‌ಗಳನ್ನು ಓದುವುದು ಅವುಗಳಲ್ಲಿ ಎರಡನೆಯದು. ಆದರೆ ಶುದ್ಧೀಕರಿಸಿದ ಆ ಕಿಣ್ವವನ್ನು ಪ್ರನಾಳದಲ್ಲಿ ಬರಿಯ ಡಿಎನ್‌ಎ ಜತೆ ಬಿಟ್ಟರೆ ಅದಕ್ಕೆ ಜೀನಿನ ಆರಂಭ ಎಲ್ಲಿ ಎಂದೇ ಗೊತ್ತಾಗುತ್ತಿರಲಿಲ್ಲ. ಕೋಶದ ಸಾರ ಬೆರೆಸಿದಾಗ ಸರಿಯಾದ ಜಾಗದಿಂದ ಹೊರಟಿತು. ಹಾಗಾದರೆ ಆ ಸಾರದಲ್ಲಿ ಏನಿತ್ತು? ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆಯೇ ಅದು.

ಅದರಲ್ಲಿದ್ದದ್ದು ಸಹಾಯಕ ಪ್ರೋಟೀನ್‌ಗಳ ಒಂದು ಮೇಳ. ಕೆಲವು ಜೀನ್‌ಗಳಲ್ಲಿ, ಆರಂಭಬಿಂದುವಿಗಿಂತ ಸುಮಾರು 30 ಡಿಎನ್‌ಎ ಅಕ್ಷರ ಹಿಂದೆ ‘ಟಾಟಾ’ (ಟಿ-ಎ-ಟಿ-ಎ ಅಕ್ಷರಗಳ ಸಾಲು) ಎಂಬ ಗುರುತು ಇರುತ್ತದೆ. ಟಿಬಿಪಿ ಎಂಬ ಪ್ರೋಟೀನ್ ಅದರ ಮೇಲೆ ಕುದುರೆಯ ಬೆನ್ನಿನ ತಡಿಯಂತೆ ಕೂತು ಡಿಎನ್‌ಎಯನ್ನು ಸುಮಾರು 80 ಡಿಗ್ರಿ ಬಗ್ಗಿಸುತ್ತದೆ. ಮನುಷ್ಯರ ಹೆಚ್ಚಿನ ಜೀನ್‌ಗಳಲ್ಲಿ ಟಾಟಾ ಇಲ್ಲ, ಇದನ್ನು ಮಕ್ಕಳಿಗೆ ಹೇಳಲೇಬೇಕು. ಅಲ್ಲಿ ಟಿಬಿಪಿಯ ಸಂಗಡಿಗ ಪ್ರೋಟೀನ್‌ಗಳು ಬೇರೆ ಗುರುತುಗಳನ್ನು ಹಿಡಿಯುತ್ತವೆ. ಆಮೇಲೆ ಟಿಎಫ್‌-2-ಬಿ ಎಂಬ ಪ್ರೋಟೀನ್ ಬಂದು ಪಾಲಿಮರೇಸನ್ನು ತಕ್ಕ ಜಾಗದಲ್ಲಿ ಕೂರಿಸುತ್ತದೆ. ಟಿಎಫ್‌-2-ಎಚ್ ಎಂಬ ಪ್ರೋಟೀನ್ ಗುಂಪು ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸುತ್ತದೆ, ಪಾಲಿಮರೇಸಿನ ಬಾಲಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಮನುಷ್ಯರಲ್ಲಿ ಏಳು ಅಮೈನೋ ಆಮ್ಲಗಳ ಹೆಚ್ಚುಕಡಿಮೆ ಒಂದೇ ಪಲ್ಲವಿ ಆ ಬಾಲದಲ್ಲಿ 52 ಬಾರಿ ಬರುತ್ತದೆ. ಫಾಸ್ಫೇಟ್ ಬಿದ್ದ ಮೇಲೆ ಕಿಣ್ವ ಹಿಡಿತ ಬಿಡಿಸಿಕೊಂಡು ಮುಂದೆ ಸಾಗುತ್ತದೆ.

ಇವರೆಲ್ಲ ರಂಗ ಸಜ್ಜು ಮಾಡುವವರು. ಭಾಗವತರ ಸ್ಥಾನ ಕೊಡುವುದಾದರೆ ನಾನು ಜೀನನ್ನು ಎಬ್ಬಿಸುವ ಪ್ರೇರಕ ಪ್ರೋಟೀನ್‌ಗಳಿಗೆ ಕೊಡುತ್ತೇನೆ. ಚರ್ಮದ ಕೋಶದಲ್ಲೂ ಇನ್ಸುಲಿನ್ ಜೀನ್ ಇದೆ. ಆದರೆ ಅದನ್ನು ಎಬ್ಬಿಸುವ ಪಿಡಿಎಕ್ಸ್‌-1 ಮೊದಲಾದವು ಒಟ್ಟಾಗಿ ಕೆಲಸ ಮಾಡುವುದು ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳಲ್ಲಿ. ಪ್ರೇರಕಗಳು ಬಹಳ ದೂರದಲ್ಲಿ ಕೂತಿದ್ದರೂ ಡಿಎನ್‌ಎ ಬಾಗಿ ಅವುಗಳನ್ನು ಹತ್ತಿರ ತರುತ್ತದೆ. ಮೀಡಿಯೇಟರ್ ಎಂಬ ದೊಡ್ಡ ಪ್ರೋಟೀನ್ ಗುಂಪು ಅವುಗಳ ಸೂಚನೆಯನ್ನು ಪಾಲಿಮರೇಸಿಗೆ ಮುಟ್ಟಿಸುತ್ತದೆ. ಹೋಲಿಕೆಯ ಮಿತಿಯನ್ನೂ ಹೇಳಿಬಿಡಿ: ಇಲ್ಲಿ ಯಾವ ಅಣುವಿಗೂ ಕಥೆ ಗೊತ್ತಿಲ್ಲ. ಡಿಕ್ಕಿ ಹೊಡೆದು, ಆಕಾರ ಹೊಂದಿದರೆ ಅಂಟಿಕೊಳ್ಳುತ್ತವೆ, ಇಲ್ಲವಾದರೆ ದೂರ ಸರಿಯುತ್ತವೆ.

ಟಿಎಫ್‌-2-ಎಚ್ ಬಗ್ಗೆ ಇನ್ನೊಂದು ಮಾತು. ಬಿಸಿಲಿನಿಂದ ಕೆಟ್ಟ ಡಿಎನ್‌ಎಯನ್ನು ದುರಸ್ತಿಗಾಗಿ ಬಿಡಿಸುವುದೂ ಅದೇ. ಅದರ ಕೆಲವು ಭಾಗಗಳಲ್ಲಿ ದೋಷವಿದ್ದು ಹುಟ್ಟಿದ ಮಕ್ಕಳಿಗೆ ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ಕಾಯಿಲೆ ಬರಬಹುದು. ಅವರು ಹಗಲು ಅಂಗಳಕ್ಕೆ ಇಳಿಯುವಾಗಲೂ ಮೈ ಮುಚ್ಚಿಕೊಳ್ಳಬೇಕು.

— ಸಂಪಾದಕ